ಚಾಕಿಯ ದಿನಗಳು

ಕೇಳುಗರಿಗೆ ನಮಸ್ಕಾರ. ರೇಷ್ಮೆಹುಳುವಿಗೆ ಬೆಳಗಿನ ಸೊಪ್ಪು ಹಾಕಿ, ಹುಳುಮನೆಯಿಂದ ಹೊರಬಂದು, ಕಾಫಿ ಕುಡಿಯುತ್ತಾ ರೇಡಿಯೊ ಕೇಳುತ್ತಿರುವ ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಅತ್ತೆಯಂದಿರೇ, ಈ ಮಾತು ಮುಖ್ಯವಾಗಿ ನಿಮಗೆ. ನನಗೆ ಕೊಟ್ಟಿರುವ ವಿಷಯ ಗರ್ಭಿಣಿಯ ಆರೈಕೆ. ನಾನು ಹೇಳಲು ಬಂದಿರುವುದು ಇನ್ನೂ ಗರ್ಭಿಣಿಯಾಗದ ಸೊಸೆಯ ಬಗ್ಗೆ. ಒಂದೇ ಮಾತು: ಫೋಲಿಕ್ ಆಮ್ಲ ಎಂಬ ವಿಟಮಿನ್ನಿನ ಮಾತ್ರೆ ಮುಟ್ಟು ನಿಲ್ಲುವುದಕ್ಕೆ ಮೊದಲೇ ಶುರುವಾಗಬೇಕು.

ಏಕೆ? ಬೆರಳು ಮಡಚಿ ಲೆಕ್ಕ ಹಾಕಿ. ಬಸಿರು ಕಟ್ಟಿದ ದಿನದಿಂದ ಎಣಿಸಿದರೆ, ಸುಮಾರು 18ನೇ ದಿನಕ್ಕೆ ಭ್ರೂಣದ ಬೆನ್ನಿನ ಮೇಲೆ ಒಂದು ಪದರ ಮೂಡುತ್ತದೆ. ಅದರ ಎರಡು ಅಂಚುಗಳು ಮೇಲೆದ್ದು, ಕರ್ಜಿಕಾಯಿ ಮಡಚಿ ಅಂಚು ಒತ್ತಿದ ಹಾಗೆ ಒಂದಕ್ಕೊಂದು ಕೂಡಿಕೊಂಡು ಕೊಳವೆಯಾಗುತ್ತದೆ. ಕೊಳವೆಯ ಮೇಲ್ಭಾಗ ಮಿದುಳು, ಕೆಳಭಾಗ ಬೆನ್ನುಹುರಿ. ಅದು ಸರಿಯಾಗಿ ಮುಚ್ಚಿಕೊಳ್ಳಲು ಫೋಲಿಕ್ ಆಮ್ಲ ಬೇಕು. 28ನೇ ದಿನದ ಹೊತ್ತಿಗೆ ಅದು ಮುಚ್ಚಿ ಮುಗಿದಿರುತ್ತದೆ. ಆಗ ಭ್ರೂಣ ಅಕ್ಕಿಕಾಳಿಗಿಂತ ಚಿಕ್ಕದು. ಮುಟ್ಟಿನ ದಿನ ತಪ್ಪುವುದೇ 14ನೇ ದಿನದ ಸುಮಾರಿಗೆ. ಏರುಪೇರಿರಬಹುದು ಎಂದು ಒಂದು ವಾರ ಕಾಯುತ್ತೀರಿ, ಯಾವುದೋ ಮದುವೆ ಮುಗಿಯಲಿ ಎಂದು ಇನ್ನೊಂದು ವಾರ. ಅಷ್ಟರಲ್ಲಿ ಕೆಲಸ ಮುಗಿಯಿತು. ಕರ್ಜಿಕಾಯಿ ಕೆಳಗೆ ಬಾಯಿ ಬಿಟ್ಟರೆ ಮಗುವಿನ ಬೆನ್ನುಮೂಳೆ ತೆರೆದುಕೊಂಡಿರುತ್ತದೆ. ಮೇಲೆ ಬಿಟ್ಟರೆ ತಲೆಬುರುಡೆಯ ಮೇಲ್ಭಾಗವೇ ಮೂಡುವುದಿಲ್ಲ.

ಇದನ್ನು ನನಗಿಂತ ಚೆನ್ನಾಗಿ ಹೇಳಿದವರೊಬ್ಬರಿದ್ದಾರೆ. ಶಿಡ್ಲಘಟ್ಟದ ಹತ್ತಿರದ ಹಳ್ಳಿಯ ರೇಷ್ಮೆ ಬೆಳೆಗಾರರ ಮನೆಯವರು. ಹೆಸರು ಬೇಡ, ಅತ್ತೆ ಎಂದೇ ಕರೆಯೋಣ. ಸೊಸೆಗೆ ನಾಲ್ಕೂವರೆ ತಿಂಗಳಾದಾಗ ಕರೆದುಕೊಂಡು ಬಂದರು. ಸೊಪ್ಪು ಬಿಡಿಸಿ ಬಿಡಿಸಿ ಅವರ ಬೆರಳ ತುದಿಗಳು ಕಪ್ಪಾಗಿದ್ದವು. ನಾನು ಏನೂ ಕೇಳುವ ಮೊದಲೇ ವೈರ್ ಬುಟ್ಟಿಯಿಂದ ಮಾತ್ರೆಯ ಖಾಲಿ ಪಟ್ಟಿಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಒಂದನ್ನೂ ಎಸೆಯದೆ ರಬ್ಬರ್ ಬ್ಯಾಂಡ್ ಹಾಕಿ ಜೋಡಿಸಿದ್ದರು. “ಲೆಕ್ಕ ನೋಡಿಕೊಳ್ಳಿ ಡಾಕ್ಟರಮ್ಮ, ಒಂದು ದಿನವೂ ತಪ್ಪಿಸಿಲ್ಲ, ನಾನೇ ಕೈಯಾರೆ ಕೊಟ್ಟಿದ್ದೇನೆ” ಎಂದರು.

ಯಾವಾಗಿನಿಂದ ಎಂದು ಕೇಳಿದೆ.

“ಮೂರು ತುಂಬಿದ ಮೇಲೆ. ಅದಕ್ಕೆ ಮುಂಚೆ ಹೊರಗೆ ಹೇಳಬಾರದಲ್ಲ.”

ಸ್ಕ್ಯಾನ್ ಮಾಡಿದಾಗ ಮಗುವಿನ ತಲೆಯ ಮೇಲ್ಭಾಗ ಇರಲಿಲ್ಲ. ಅಂಥ ಮಗು ಬದುಕುವುದಿಲ್ಲ. ಅದನ್ನು ಹೇಳಬೇಕಾಯಿತು, ಹೇಳಿದೆ. ಸೊಸೆ ತಲೆ ತಗ್ಗಿಸಿ ಸೆರಗಿನ ತುದಿ ಸುತ್ತುತ್ತಾ ಕುಳಿತಳು. ಅತ್ತೆ ಸ್ವಲ್ಪ ಹೊತ್ತು ಬಿಟ್ಟು, “ಗ್ರಹಣದ ದಿನ ಈಳಿಗೆಮಣೆ ಮುಟ್ಟಿದಳೇನೋ” ಎಂದರು. ಆಗ ನನಗೆ ಸಿಟ್ಟು ಬಂತು, ಒಪ್ಪಿಕೊಳ್ಳುತ್ತೇನೆ. ಸೂರ್ಯ ಚಂದ್ರರಿಗೆ ನಿಮ್ಮ ಅಡುಗೆಮನೆ ಕಾಯುವುದೇ ಕೆಲಸವೇ ಎಂದುಬಿಟ್ಟೆ. ಆಮೇಲೆ ಒಂದು ಹಾಳೆ ತೆಗೆದುಕೊಂಡು ಆ ಪದರ, ಆ ಕೊಳವೆ, ಆ 28 ದಿನ ಎಲ್ಲವನ್ನೂ ಬರೆದು ತೋರಿಸಿದೆ. ಅತ್ತೆ ಹಾಳೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ಬಹಳ ಹೊತ್ತು ನೋಡಿದರು.

“ಹಾಗಾದರೆ ಇದು ಚಾಕಿ.”

ರೇಷ್ಮೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮೊಟ್ಟೆಯೊಡೆದ ದಿನದಿಂದ ಎರಡನೇ ಜ್ವರ ಏಳುವ ತನಕ ಹುಳುವಿಗೆ ಚಾಕಿ ಎನ್ನುತ್ತಾರೆ. ಜ್ವರ ಎಂದರೆ ಕಾಯಿಲೆಯಲ್ಲ, ಹುಳು ಪೊರೆ ಬಿಡುವ ಹೊತ್ತು. ಚಾಕಿಗೆ ಎಳೆಯ ಸೊಪ್ಪೇ ಬೇಕು, ಅದನ್ನೂ ಸಣ್ಣಗೆ ಹೆಚ್ಚಬೇಕು, ಮನೆಯ ಶಾಖ ತಪ್ಪಬಾರದು. ಈಗ ಬಹಳ ಜನ ಈ ತಾಪತ್ರಯವೇ ಬೇಡವೆಂದು ಚಾಕಿ ಕೇಂದ್ರದಿಂದಲೇ ಹುಳು ತರುತ್ತಾರೆ. ಚಾಕಿಯಲ್ಲಿ ಕೆಟ್ಟದ್ದು ಆಮೇಲೆ ಎಷ್ಟು ಸೊಪ್ಪು ಸುರಿದರೂ ಸರಿಹೋಗುವುದಿಲ್ಲ. ಅತ್ತೆ ಆ ಖಾಲಿ ಪಟ್ಟಿಗಳನ್ನು ಬುಟ್ಟಿಗೆ ಹಾಕಿಕೊಳ್ಳುತ್ತಾ, “ನಾನು ಹಣ್ಣಾದ ಹುಳುವಿಗೆ ಸೊಪ್ಪು ಹಾಕಿದೆ” ಎಂದರು. ಹಣ್ಣಾದ ಹುಳು ಸೊಪ್ಪು ಮುಟ್ಟುವುದಿಲ್ಲ, ಅದನ್ನು ಗೂಡು ಕಟ್ಟಲು ಚಂದ್ರಂಕಿ ಎಂಬ ತಟ್ಟಿಗೆ ಬಿಡುವುದಷ್ಟೇ.

ಮರುವರ್ಷ ಇಬ್ಬರೂ ಮತ್ತೆ ಬಂದರು. ಹೊರಗೆ ಸಾಲಿನಲ್ಲಿ ನಿಂತಿದ್ದಾಗಲೇ ನರ್ಸ್ ಎಷ್ಟು ತಿಂಗಳು ಎಂದು ಕೇಳಿದ್ದಕ್ಕೆ ಅತ್ತೆ ಜೋರಾಗಿ, “ಮುಟ್ಟು ನಿಂತಿಲ್ಲಮ್ಮ, ನಿಲ್ಲುವುದಕ್ಕೆ ಮುಂಚೆಯೇ ಬಂದಿದ್ದೇವೆ” ಎಂದರಂತೆ. ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನು ನಗಲಿಲ್ಲ, ಎದ್ದು ಬಂದು ಅವರನ್ನು ಮೊದಲು ಒಳಗೆ ಕರೆದೆ. ಆ ಸಲ ಹುಟ್ಟಿದ ಹುಡುಗಿ ಈಗ ಪಿಯುಸಿ ಓದುತ್ತಿದ್ದಾಳೆ.

ಸಮಯ ಓಡುತ್ತಿದೆ. ಎಷ್ಟು ಮಾತ್ರೆ? ದಿನಕ್ಕೊಂದು, 400 ಮೈಕ್ರೋಗ್ರಾಂ. ಮಗು ಬೇಕೆಂದು ನಿರ್ಧರಿಸಿದ ಕೂಡಲೇ, ಕನಿಷ್ಠ ಒಂದು ತಿಂಗಳು ಮುಂಚಿನಿಂದ ಮೂರು ತಿಂಗಳು ತುಂಬುವವರೆಗೆ. ನಾಲ್ಕನೇ ತಿಂಗಳಿನಿಂದ ಕೊಡುವ ಕಬ್ಬಿಣದ ಕೆಂಪು ಮಾತ್ರೆ ರಕ್ತಕ್ಕೆ. ಅದನ್ನೂ ಬಿಡಬೇಡಿ, ಆದರೆ ಅದು ಬೇರೆ ಲೆಕ್ಕ. ಆಶಾ ಕಾರ್ಯಕರ್ತೆ ತಾಯಿ ಕಾರ್ಡ್ ಮಾಡಿಸಲು ಬರುವ ತನಕ ಕಾಯಬೇಡಿ, ನೀವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಕೇಳಿ.

ಹಿಂದಿನ ಮಗುವಿಗೆ ಈ ತೊಂದರೆ ಇದ್ದವರಿಗೆ ಇದರ ಹತ್ತು ಪಟ್ಟು ಬೇಕು, ಅದನ್ನು ವೈದ್ಯರೇ ಬರೆದುಕೊಡುತ್ತಾರೆ. 1991ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನ ಅಂಥ ತಾಯಂದಿರಿಗೆ ದಿನಕ್ಕೆ 4 ಮಿಲಿಗ್ರಾಂ ಕೊಟ್ಟು ನೋಡಿತು. ತೊಂದರೆ ಮರುಕಳಿಸುವುದು 100ಕ್ಕೆ 72ರಷ್ಟು ತಪ್ಪಿತು. ಫಿಟ್ಸ್ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರೂ ಸಕ್ಕರೆ ಕಾಯಿಲೆ ಇರುವವರೂ ಮೊದಲೇ ವೈದ್ಯರನ್ನು ಕಾಣಲೇಬೇಕು.

ಸೊಪ್ಪು ತಿಂದರೆ ಸಾಲದೇ ಎನ್ನುತ್ತೀರಿ. ಫೋಲಿಯಂ ಎಂದರೆ ಲ್ಯಾಟಿನ್ನಿನಲ್ಲಿ ಎಲೆ. ಈ ಆಮ್ಲವನ್ನು 1941ರಲ್ಲಿ ಪಾಲಕ್ ಸೊಪ್ಪಿನಿಂದ ತೆಗೆದು ಹೆಸರಿಟ್ಟರು. ತಿನ್ನಿ, ಬಸ್ಸಾರು ಮಾಡಿ ತಿನ್ನಿ. ನಮ್ಮ ಕಡೆ ಬಸಿದ ನೀರನ್ನು ಚೆಲ್ಲದೆ ಸಾರು ಮಾಡುತ್ತೇವಲ್ಲ, ಅದು ಜಾಣತನ, ಏಕೆಂದರೆ ಆಮ್ಲ ನೀರಿಗೆ ಇಳಿಯುತ್ತದೆ. ಆದರೆ ಕುದಿಯುವಾಗ ಒಂದಷ್ಟು ಹಾಳಾಗುತ್ತದೆ. ಮಾತ್ರೆ ಬೇಕೇ ಬೇಕು, ಮುಟ್ಟು ನಿಲ್ಲುವುದಕ್ಕೆ ಮೊದಲೇ ಬೇಕು.

ಸೋದರಮಾವನಿಗೇ ಹೆಣ್ಣು ಕೊಡುವ ನಮ್ಮ ಪದ್ಧತಿಯ ಬಗ್ಗೆ ಎರಡು ಪುಟ ಬರೆದುಕೊಂಡು ಬಂದಿದ್ದೆ. ಗಾಜಿನ ಆಚೆಯಿಂದ ಒಂದು ಬೆರಳು ತೋರಿಸುತ್ತಿದ್ದಾರೆ, ಒಂದು ನಿಮಿಷವೋ ಅರ್ಧ ನಿಮಿಷವೋ ತಿಳಿಯುತ್ತಿಲ್ಲ. ಇನ್ನೊಮ್ಮೆ ಕರೆದರೆ ಅದನ್ನು ಓದುತ್ತೇನೆ. ಮಧ್ಯಾಹ್ನದ ಸೊಪ್ಪಿಗೆ ಹೊತ್ತಾಯಿತು, ಏಳಿ. ನಮಸ್ಕಾರ.