ಸಂಪಿನ ಮುಚ್ಚಳ ಯಾರದ್ದು?

ಎಲ್ಲರಿಗೂ ನಮಸ್ಕಾರ. ಬಾಡಿಗೆದಾರರನ್ನು ಖಾಲಿ ಮಾಡಿಸುವುದು ಹೇಗೆ ಅಂತ ತಿಳಿದುಕೊಳ್ಳಲು ಬಂದ ಮಾಲೀಕರಿಗೆ ಇವತ್ತು ಸ್ವಲ್ಪ ನಿರಾಸೆಯಾದೀತು. ನಿಮ್ಮ ಕಟ್ಟಡದಲ್ಲಿ ಯಾರಾದರೂ ಬಿದ್ದು ಪೆಟ್ಟು ಮಾಡಿಕೊಂಡರೆ ಹೊಣೆ ಯಾರದು? ನಾನು ಮಾತಾಡುವುದು ಅಷ್ಟನ್ನೇ.

ತುಮಕೂರಿನಲ್ಲಿ ಸಂಪಿಲ್ಲದ ಮನೆ ಅಪರೂಪ. ಹೇಮಾವತಿ ನೀರು ಬುಗುಡನಹಳ್ಳಿ ಕೆರೆಗೆ ಬಂದರೂ ನಲ್ಲಿಯಲ್ಲಿ ಬಂದ ದಿನ ಹಿಡಿದಿಟ್ಟುಕೊಳ್ಳುವುದು ನಮ್ಮ ಅಭ್ಯಾಸ. ಸಂಪು ಇರುವುದು ಗೇಟಿನ ಒಳಗೆ, ಓಡಾಡುವ ದಾರಿಯಲ್ಲೇ. ಮೇಲೊಂದು ತುಕ್ಕು ಹಿಡಿದ ತಗಡು. ನೀರು ತುಂಬಿತೇ ಅಂತ ಒಬ್ಬರು ತೆಗೆದು ನೋಡುತ್ತಾರೆ, ಮುಚ್ಚುವುದು ಇನ್ನೊಬ್ಬರ ಕೆಲಸ ಅಂದುಕೊಳ್ಳುತ್ತಾರೆ. ಬೆಳಗಿನ ಕತ್ತಲಲ್ಲಿ ಹಾಲಿನ ಹುಡುಗ ಬರುತ್ತಾನೆ.

ಇಂಗ್ಲೆಂಡಿನಲ್ಲಿ ಇಂಥದ್ದಕ್ಕೆಂದೇ 1957ರ ಕಾಯ್ದೆ ಇದೆ. ನಮ್ಮಲ್ಲಿ ಹಾಗೆ ಪ್ರತ್ಯೇಕ ಕಾಯ್ದೆ ಇಲ್ಲ. ನಿರ್ಲಕ್ಷ್ಯದಿಂದ ನಷ್ಟವಾದರೆ ಪರಿಹಾರ ಕೊಡಬೇಕು ಎಂಬ ಹಳೆಯ ತತ್ವದ ಮೇಲೆ ಸಿವಿಲ್ ಕೋರ್ಟು ನಡೆಯುತ್ತದೆ. ಅಲ್ಲಿ ಮುಖ್ಯವಾಗಿ ಏಳುವ ಪ್ರಶ್ನೆ ಎರಡು. ಆ ಜಾಗ ಯಾರ ಹಿಡಿತದಲ್ಲಿತ್ತು? ಅಪಾಯ ಅವರಿಗೆ ಗೊತ್ತಿತ್ತೇ, ಅಥವಾ ಗೊತ್ತಿರಬೇಕಿತ್ತೇ? ಬಾಗಿಲ ಒಳಗೆ ಬಾಡಿಗೆದಾರರು ಎಣ್ಣೆ ಚೆಲ್ಲಿ ಜಾರಿದರೆ ಅದು ಅವರ ಪಾಡು. ಮೆಟ್ಟಿಲು, ತಾರಸಿ, ಸಂಪು, ಮೀಟರ್ ಬೋರ್ಡು ಎಲ್ಲರೂ ಬಳಸುವಂಥವು. ಅವುಗಳ ದುರಸ್ತಿ ನಿಮ್ಮ ಕೈಯಲ್ಲಿದ್ದರೆ ಹೊಣೆಯೂ ಅಲ್ಲೇ ಬಂದು ನಿಲ್ಲುತ್ತದೆ.

"ಸಾರ್, ಅಗ್ರಿಮೆಂಟಿನಲ್ಲಿ ಬರೆಸಿದ್ದೀನಲ್ಲ, ಯಾವುದೇ ಅವಘಡಕ್ಕೆ ಮಾಲೀಕರು ಜವಾಬ್ದಾರರಲ್ಲ ಅಂತ?" ಬರೆಸಿದ್ದೀರಿ, ಸರಿ. ಹನ್ನೊಂದು ತಿಂಗಳ ಆ ಕಾಗದಕ್ಕೆ ಸಹಿ ಹಾಕಿದವರು ನೀವು ಮತ್ತು ಬಾಡಿಗೆದಾರರು. ಹಾಲಿನ ಹುಡುಗ ಸಹಿ ಹಾಕಿಲ್ಲ.

ಇನ್ನು "ನನಗೆ ಗೊತ್ತೇ ಇರಲಿಲ್ಲ" ಎನ್ನುವ ಮಾತು. ನನ್ನ ಮನೆಯದ್ದೇ ಹೇಳುತ್ತೇನೆ. ಕೆಳಗಿನ ಮನೆಯ ಹೆಣ್ಣುಮಗಳು "ಅಂಕಲ್, ಸಂಪಿನ ಮುಚ್ಚಳ ಅಲ್ಲಾಡ್ತಿದೆ" ಅಂತ ವಾಟ್ಸಾಪ್ ಹಾಕಿದಳು. "ನಾಳೆ ನೋಡೋಣಮ್ಮ" ಅಂದೆ. ಆ ನಾಳೆ ಬರಲು ಹನ್ನೊಂದು ದಿನ ಹಿಡಿಯಿತು. ಯಾರೂ ಬೀಳಲಿಲ್ಲ, ಪುಣ್ಯ. ಬಿದ್ದಿದ್ದರೆ ಆ ಎರಡು ನೀಲಿ ಟಿಕ್ಕುಗಳೇ ನನ್ನ ವಿರುದ್ಧ ಸಾಕ್ಷಿ. ವಕೀಲನಾಗಿ ನನಗೇ ನಾಚಿಕೆಯಾಯಿತು.

1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮನ್ನು ಮನೆ ಕೊಡುವವರು ಒಮ್ಮೆ ಓದಬೇಕು. ನಿಮಗೆ ಗೊತ್ತಿರುವ, ಬಾಡಿಗೆದಾರರ ಕಣ್ಣಿಗೆ ಸಾಮಾನ್ಯ ಎಚ್ಚರಿಕೆಯಲ್ಲಿ ಬೀಳದ ದೊಡ್ಡ ದೋಷವನ್ನು ಮೊದಲೇ ಹೇಳಬೇಕು ಎನ್ನುತ್ತದೆ ಅದು. ನನಗೆ ಥಟ್ಟನೆ ನೆನಪಾಗುವುದು ಅರ್ಥಿಂಗ್. ಗೋಡೆಯ ಮೇಲೆ ಮೂರು ತೂತಿನ ಸಾಕೆಟ್ ಇರುತ್ತದೆ, ಮೂರನೆಯದಕ್ಕೆ ಹಿಂದೆ ತಂತಿಯೇ ಇರುವುದಿಲ್ಲ. ಎಸ್.ಐ.ಟಿ. ಬಡಾವಣೆಗೆ ಓದಲು ಬಂದ ಹುಡುಗರು ಗೋಡೆ ಒಡೆದು ನೋಡುತ್ತಾರೆಯೇ? ಒದ್ದೆ ಕೈಯಲ್ಲಿ ಗೀಸರ್ ಮುಟ್ಟುತ್ತಾರೆ. 30 ಮಿಲಿ ಆಂಪಿಯರ್ ಸೋರಿಕೆಗೇ ಕರೆಂಟು ಕಡಿಯುವ ಆರ್‌ಸಿಸಿಬಿ ಹಾಕಿಸಿ, ಅರ್ಥಿಂಗನ್ನೂ ಮಾಡಿಸಿ. ಗ್ಯಾಸ್ ಗೀಸರ್ ಆದರೆ ಅದನ್ನು ಬಚ್ಚಲಿನ ಹೊರಗಿಡಿಸಿ. ಗಾಳಿಯಾಡದ ಕಡೆ ಅದು ಬಿಡುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ.

ರಸ್ತೆಗೆ ಚಾಚಿದ ಭಾಗದ ಲೆಕ್ಕ ಇನ್ನೂ ಬಿಗಿ. ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರ 1951ರಲ್ಲಿ ಕುಸಿದು ಜನ ಸತ್ತರು. ಕಟ್ಟಡಕ್ಕೆ ಸುಮಾರು 80 ವರ್ಷವಾಗಿತ್ತು, ಅದರ ಗಾರೆಯ ಆಯುಷ್ಯ 40-45 ವರ್ಷ. ದೋಷ ಹೊರಗೆ ಕಾಣುತ್ತಿರಲಿಲ್ಲ ಎಂಬ ವಾದವನ್ನು ಸುಪ್ರೀಂ ಕೋರ್ಟು 1966ರ ತೀರ್ಪಿನಲ್ಲಿ ಒಪ್ಪಲಿಲ್ಲ. ರಸ್ತೆ ಪಕ್ಕದ ಕಟ್ಟಡವನ್ನು ಸುಸ್ಥಿತಿಯಲ್ಲಿಡುವುದು ಮಾಲೀಕರ ನಿರಂತರ ಕರ್ತವ್ಯ ಎಂದಿತು. ಮಂಡಿಪೇಟೆಯಲ್ಲಿ ಹಳೇ ಸಜ್ಜದ ಕೆಳಗೆ ನಿಂತಾಗ ನಾನು ತಲೆಯೆತ್ತಿ ನೋಡುವುದು ಅದಕ್ಕೇ.

ಪರಿಹಾರ ದುಡ್ಡಿಗೇ ಮುಗಿಯುತ್ತದೆ ಅಂದುಕೊಳ್ಳಬೇಡಿ. ನಿರ್ಲಕ್ಷ್ಯದಿಂದ ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ ಐದು ವರ್ಷದವರೆಗೆ ಜೈಲು; ಹಳೇ ಐಪಿಸಿಯಲ್ಲಿ ಎರಡು ವರ್ಷವಿತ್ತು.

ಮನೆಗೆ ಹೋದವರೇ ತಾರಸಿ ಹತ್ತಿ ಪ್ಯಾರಪೆಟ್ ಅಳೆಯಿರಿ, ಒಂದು ಮೀಟರಾದರೂ ಇರಬೇಕು. ಸಂಪಿಗೆ ಕಬ್ಬಿಣದ ಮುಚ್ಚಳ, ಅದಕ್ಕೆ ಬೀಗ. ಬಾಡಿಗೆದಾರರಿಂದ ದೂರು ಬಂದರೆ ರಿಪೇರಿ ಮಾಡಿಸಿ, ಫೋಟೋ ತೆಗೆದು ಅದೇ ವಾಟ್ಸಾಪಿಗೆ ಹಾಕಿ.

ಈಗ ಪ್ರಶ್ನೆ ಕೇಳಿ. ಅಡ್ವಾನ್ಸ್ ವಾಪಸ್ ಕೊಡುವ ವಿಚಾರ ಮಾತ್ರ ಬೇಡ, ಅದಕ್ಕೆ ಇನ್ನೊಂದು ಭಾನುವಾರವೇ ಬೇಕು.