ಟರ್ಬೊ ಇಂಜಿನ್‌ಗೆ ಎಂಥ ಕ್ಯಾಮ್?

ಕೇಳುಗರೇ, ನಮಸ್ಕಾರ. ಕಾರಿನ ಪವರ್ ಹೆಚ್ಚಿಸಲು ಹೊರಟವರ ಕಣ್ಣು ಬೇಗ ವಾಲ್ವ್‌ಗಳನ್ನು ತೆರೆಸುವ ದಂಡ, ಅಂದರೆ ಕ್ಯಾಮ್‌ಶಾಫ್ಟ್ ಮೇಲೆ ಬೀಳುತ್ತದೆ. ‘ದೊಡ್ಡ ಕ್ಯಾಮ್ ಹಾಕಿಸಿಬಿಡು’ ಅಂತ ಸಲಹೆ ಕೊಡುವವರಿಗೂ ಬರವಿಲ್ಲ. ಆದರೆ ಆ ಇಂಜಿನ್‌ಗೆ ಟರ್ಬೊ, ಅಂದರೆ ಹೊಗೆಯ ರಭಸದಿಂದ ತಿರುಗಿ ಹೆಚ್ಚು ಗಾಳಿ ತುಂಬುವ ಪಂಪು, ಇದೆಯಾ, ಇಲ್ವಾ? ಅದನ್ನು ಮೊದಲು ಕೇಳಬೇಕು.

ಪಿಸ್ಟನ್ ಸುಟ್ಟ ಹೊಗೆಯನ್ನು ತಳ್ಳುತ್ತಾ ಮೇಲಿನ ತುದಿಗೆ ಬರುತ್ತದೆ. ಆಗ ಎಕ್ಸಾಸ್ಟ್ ವಾಲ್ವ್ ಇನ್ನೂ ಪೂರ್ತಿ ಮುಚ್ಚಿರುವುದಿಲ್ಲ. ಹೊಸ ಗಾಳಿ ಒಳಬಿಡುವ ಇನ್‌ಟೇಕ್ ವಾಲ್ವ್ ಆಗಲೇ ತೆರೆಯತೊಡಗಿರುತ್ತದೆ. ಎರಡೂ ಒಟ್ಟಿಗೆ ತೆರೆದಿರುವ ಈ ಅವಧಿಯೇ ಓವರ್‌ಲ್ಯಾಪ್. ವಾಲ್ವ್‌ಗಳನ್ನು ಹೆಚ್ಚು ಹೊತ್ತು ತೆರೆದಿಡುವ ದೊಡ್ಡ ಕ್ಯಾಮ್‌ನಲ್ಲಿ ಇದು ಸಾಮಾನ್ಯವಾಗಿ ಜಾಸ್ತಿ.

ಟರ್ಬೊ ಇಲ್ಲದ ಇಂಜಿನ್‌ಗೆ ಇದರಿಂದ ಲಾಭ. ರಭಸದಿಂದ ಹೊರಗೆ ಓಡುವ ಹೊಗೆ ತನ್ನ ಹಿಂದೆಯೇ ಹೊಸ ಗಾಳಿಯನ್ನೂ ಎಳೆಯುತ್ತದೆ. ಆರ್‌ಪಿಎಂ ಏರಿದಾಗ ಮಾತ್ರ. ಐಡ್ಲಿಂಗ್‌ನಲ್ಲಿ ಅದೇ ಇಂಜಿನ್ ಗುಡುಗುಡು ಅಂತ ನಡುಗುತ್ತದೆ. ಆ ಸದ್ದಿಗೇ ಮರುಳಾಗಿ ಕ್ಯಾಮ್ ಕೊಳ್ಳುವವರೂ ಇದ್ದಾರೆ ಬಿಡಿ.

ಟರ್ಬೊ ಇದ್ದರೆ ಹೊಗೆಯ ದಾರಿಗೆ ಅದರ ಚಕ್ರವಾದ ಟರ್ಬೈನ್ ಅಡ್ಡ ಕೂತಿರುತ್ತದೆ. ಟರ್ಬೊ ಚಿಕ್ಕದಾದರೆ, ಜೋರಾಗಿ ಓಡಿಸುವಾಗ ಹೊಗೆ ಸೇರುವ ಕೊಳವೆಯಾದ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನಲ್ಲಿ ಕಟ್ಟಿಕೊಳ್ಳುವ ಒತ್ತಡ ಬೂಸ್ಟನ್ನೂ, ಅಂದರೆ ಟರ್ಬೊ ಒಳಗೆ ತುಂಬುವ ಗಾಳಿಯ ಒತ್ತಡವನ್ನೂ ಮೀರಬಹುದು. ಆಗ ಓವರ್‌ಲ್ಯಾಪ್ ಜಾಸ್ತಿ ಇದ್ದಷ್ಟೂ ಬಿಸಿ ಹೊಗೆ ವಾಪಸ್ ನುಗ್ಗುತ್ತದೆ. ಹೊಸ ಗಾಳಿಗೆ ಜಾಗ ಕಡಿಮೆ, ನಾಕಿಂಗ್, ಅಂದರೆ ಇಂಧನ ತಾನಾಗೇ ಹೊತ್ತಿಕೊಂಡು ಬಡಿಯುವ ಭಯ ಬೇರೆ.

ಇಲ್ಲೇ ಲೋಬ್‌ಗಳ, ಅಂದರೆ ವಾಲ್ವ್ ಒತ್ತುವ ಕ್ಯಾಮ್‌ನ ಉಬ್ಬುಗಳ, ನಡುವಿನ ಕೋನ ನೋಡಬೇಕಾದದ್ದು. ಎರಡೂ ವಾಲ್ವ್‌ಗಳ ಡ್ಯುರೇಷನ್, ಅಂದರೆ ತೆರೆದಿರುವ ಅವಧಿ, 270 ಡಿಗ್ರಿ ಅಂದುಕೊಳ್ಳಿ. ಕೋನ 108 ಡಿಗ್ರಿ ಇದ್ದರೆ ಓವರ್‌ಲ್ಯಾಪ್ 54 ಡಿಗ್ರಿ. ಕೋನವನ್ನು 114ಕ್ಕೆ ಅಗಲಿಸಿದರೆ ಅದು 42ಕ್ಕೆ ಇಳಿಯುತ್ತದೆ. ಡ್ಯುರೇಷನ್ ಒಂದನ್ನೇ ನೋಡಿ ಕ್ಯಾಮ್ ಆರಿಸಿದರೆ ಈ ವ್ಯತ್ಯಾಸ ಕಣ್ಣಿಗೇ ಬೀಳುವುದಿಲ್ಲ.

ಹಾಗಂತ ಟರ್ಬೊಗೆ ಓವರ್‌ಲ್ಯಾಪೇ ಬೇಡ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಟರ್ಬೈನ್ ದೊಡ್ಡದಾಗಿ, ಮ್ಯಾನಿಫೋಲ್ಡ್ ಒತ್ತಡ ಬೂಸ್ಟ್‌ಗಿಂತ ಕಡಿಮೆ ಇದ್ದರೆ ಹೊಸ ಗಾಳಿಯೇ ಹೊಗೆಯನ್ನು ಹೊರಗೆ ದಬ್ಬುತ್ತದೆ. ಆದ್ದರಿಂದ ಪೆಟ್ಟಿಗೆ ಮೇಲೆ ‘ಟರ್ಬೊ ಕ್ಯಾಮ್’ ಅಂತ ಇದೆ ಎಂದು ಸುಮ್ನೆ ತರಬೇಡಿ. ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗೆ ಒಂದು ಗೇಜ್ ಹಾಕಿಸಿ, ಆ ಒತ್ತಡವನ್ನು ಬೂಸ್ಟ್ ಜೊತೆ ಹೋಲಿಸಿ ನೋಡಿ.

ಇನ್ನು ವಾಲ್ವನ್ನು ಮುಚ್ಚಿ ಹಿಡಿಯುವ ವಾಲ್ವ್ ಸ್ಪ್ರಿಂಗ್. 35 ಮಿಲಿಮೀಟರ್ ಅಗಲದ ಇನ್‌ಟೇಕ್ ವಾಲ್ವ್‌ನ ಬೆನ್ನಿಗೆ 1 ಬಾರ್ ಬೂಸ್ಟ್ ಬಿದ್ದರೆ ಹೆಚ್ಚುಕಡಿಮೆ 10 ಕಿಲೋ ಭಾರ ಒತ್ತಿದಂತೆ. ಅಷ್ಟೂ ಸ್ಪ್ರಿಂಗ್‌ಗೆ ಎದುರಾಗಿಯೇ ಒತ್ತುತ್ತದೆ. ಸ್ಪ್ರಿಂಗ್ ಸಡಿಲವಾಗಿದ್ದರೆ ವಾಲ್ವ್ ಸರಿಯಾಗಿ ಕೂರುವುದಿಲ್ಲ, ಎಷ್ಟೇ ಒಳ್ಳೆಯ ಕ್ಯಾಮ್ ಇದ್ದರೂ ಅಷ್ಟೇ. ಕ್ಯಾಮ್ ಕೊಳ್ಳುವಾಗಲೇ ಅದಕ್ಕೆ ಹೊಂದುವ ಸ್ಪ್ರಿಂಗ್ ಯಾವುದು ಅಂತಲೂ ಕೇಳಿ. ನಮಸ್ಕಾರ.