ಕಬ್ಬನ್ ಪಾರ್ಕಿನ ಪ್ರತಿಮೆಗಳು: ಕೈತಪ್ಪಿ ಮತ್ತೆ ಕೈಗೆ ಬಂದ ಒಂದು ರಾಜ್ಯದ ಕಥೆ

ಎಲ್ರಿಗೂ ನಮಸ್ಕಾರ. ಇಷ್ಟು ಮಳೆಯಲ್ಲಿ ಕೂಡ ಬಂದಿದ್ದೀರಿ, ತುಂಬಾ ಖುಷಿ ಆಯ್ತು. ಲೈಬ್ರರಿಯವರು ಫೋನ್ ಮಾಡಿ ಚರಿತ್ರೆ ಬಗ್ಗೆ ಎಂತಾದ್ರೂ ಮಾತಾಡಿ ಮಾಷ್ಟ್ರೇ ಅಂದ್ರು, ಬೇಕಲ ಕೋಟೆ ಬಗ್ಗೆ ಹೇಳ್ತೇನೆ ಅಂತ ಅವ್ರು ಅಂದ್ಕೊಂಡಿದ್ರು. ನಾನು ಬೆಂಗಳೂರಿನ ಕಬ್ಬನ್ ಪಾರ್ಕ್ ಅಂದೆ. ಯಾಕೆ ಅಂದ್ರೆ ಈಗ ನಮ್ಮ ಕಾಸರಗೋಡಿನ ಎರಡು ಮನೆಗೆ ಒಂದರಂತೆ ಮಕ್ಕಳು ಬೆಂಗಳೂರಲ್ಲಿದ್ದಾರೆ, ರಾತ್ರಿ ಕಣ್ಣೂರು ರೈಲು ಹತ್ತಿದ್ರೆ ಬೆಳಿಗ್ಗೆ ಅಲ್ಲಿ, ಆದಿತ್ಯವಾರ ಪಾರ್ಕಿಗೆ ಹೋಗ್ತಾರೆ, ಫೋಟೋ ತೆಗೆದು ಸ್ಟೇಟಸ್ ಹಾಕ್ತಾರೆ, ಆ ಫೋಟೋದಲ್ಲಿ ಹಿಂದೆ ಒಂದು ಪ್ರತಿಮೆ ನಿಂತಿರ್ತದೆ. ಅದು ಯಾರದ್ದು ಮಗಾ ಅಂತ ಕೇಳಿದ್ರೆ ಗೊತ್ತಿಲ್ಲ ಮಾಷ್ಟ್ರೇ ಅಂತಾರೆ. ಮಕ್ಕಳ ತಪ್ಪಲ್ಲ ಅದು, ನಾವು ಹೇಳಿ ಕೊಡ್ಲಿಲ್ಲ. ಅದಕ್ಕೇ ಇವತ್ತು ಈ ವಿಷಯ.

ನಾನು ಹೇಳ್ಬೇಕಂತಿರೋದು ಇಷ್ಟೇ. ಆ ಪಾರ್ಕಿನ ಪ್ರತಿಮೆಗಳನ್ನ ಒಂದೊಂದಾಗಿ ನೋಡಿದ್ರೆ ಎಂತದೂ ಗೊತ್ತಾಗುದಿಲ್ಲ, ನಾಲ್ಕನ್ನ ಸೇರಿಸಿ ನೋಡ್ಬೇಕು. ಒಬ್ಬ ಕಮಿಷನರ್, ಒಬ್ಬಳು ರಾಣಿ, ಒಬ್ಬ ಅರಸ, ಒಬ್ಬ ದಿವಾನ. ಈ ನಾಲ್ವರನ್ನ ಸೇರಿಸಿದ್ರೆ ಮೈಸೂರು ರಾಜ್ಯ 1831ರಲ್ಲಿ ಕೈತಪ್ಪಿ 1881ರಲ್ಲಿ ವಾಪಸ್ ಬಂದ ಕಥೆ ಪೂರ್ತಿ ಸಿಗ್ತದೆ, ಕಾಲ್ನಡಿಗೆಯಲ್ಲೇ.

ಮೊದ್ಲು ಪಾರ್ಕಿನ ವಿಷಯ ಬೇಗ ಹೇಳಿ ಮುಗಿಸ್ತೇನೆ. 1870ರಲ್ಲಿ ಮಾಡಿದ್ದು, ಆಗ ಮೈಸೂರಿನ ಚೀಫ್ ಇಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ ಅದರ ಪ್ಲಾನ್ ಹಾಕಿದವರು, ಈಗ ಸ್ಯಾಂಕಿ ಕೆರೆ ಅಂತ ಕೇಳಿದ್ದೀರಲ್ಲ, ಅದೇ ಸ್ಯಾಂಕಿ. ಶುರುವಿಗೆ ಸುಮಾರು 100 ಎಕ್ರೆ, ಆಮೇಲೆ ಬೆಳೆದು 300 ಎಕ್ರೆಯ ಹತ್ತಿರ ಬಂತು. ಮೊದಲ ಹೆಸರು ಮೀಡ್ಸ್ ಪಾರ್ಕ್, ಮತ್ತೆ ಕಬ್ಬನ್ ಪಾರ್ಕ್, 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಗೆ 25 ವರ್ಷ ಆದಾಗ ಶ್ರೀ ಚಾಮರಾಜೇಂದ್ರ ಉದ್ಯಾನ ಅಂತ ಹೆಸರಿಟ್ರು. ಅಂದ್ರೆ ಮಗ ತಂದೆಯ ಹೆಸರು ಇಟ್ಟದ್ದು. ಜನರ ಬಾಯಲ್ಲಿ ಮಾತ್ರ ಕಬ್ಬನ್ ಪಾರ್ಕೇ ಉಳೀತು, ಬೋರ್ಡಿನಲ್ಲಿ ಅರಸರು.

ಈಗ ಆ ಕಬ್ಬನ್ ಯಾರು? 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನ ಕಿತ್ಕೊಂಡ್ರು, ಶಿವಮೊಗ್ಗ ಕಡೆಯ ನಗರ ಅನ್ನುವ ಊರಿನ ಸುತ್ತ ರೈತರ ದಂಗೆ ಆದದ್ದನ್ನ ಕಾರಣ ಮಾಡಿ. ಅರಸರು ಮೈಸೂರಿನ ಅರಮನೆಯಲ್ಲೇ ಇದ್ರು, ಅಧಿಕಾರ ಬೆಂಗಳೂರಿಗೆ ಹೋಯ್ತು. ಆ ಅಧಿಕಾರದಲ್ಲಿ 1834ರಿಂದ 1861ರ ತನಕ ಕಮಿಷನರ್ ಆಗಿ ಕೂತವರು ಮಾರ್ಕ್ ಕಬ್ಬನ್, ನಮ್ಮ ನಾಲ್ವರಲ್ಲಿ ಮೊದಲನೆಯವರು. 27 ವರ್ಷ. ಈಗ ರಾಜಭವನ ಅಂತ ಹೇಳ್ತೇವಲ್ಲ, ಆ ಕಟ್ಟಡ ಕಟ್ಟಿಸಿದ್ದು ಅವರೇ. 1861ರಲ್ಲಿ ಕೆಲಸ ಬಿಟ್ಟು ಊರಿಗೆ ಹೊರಟ್ರು, ಊರು ಮುಟ್ಲಿಲ್ಲ, ದಾರಿಯಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡ್ರು. 1866ರಲ್ಲಿ ಅವರ ಪ್ರತಿಮೆ ಆಯ್ತು, ಕುದುರೆ ಮೇಲೆ ಕೂತದ್ದು, ಕಂಚಿನದ್ದು, ಮಾಡಿದವರು ಮಾರೊಕೆಟ್ಟಿ ಅಂತ ಇಟಲಿಯಲ್ಲಿ ಹುಟ್ಟಿದ ಶಿಲ್ಪಿ. ಕುದುರೆ ಒಂದು ಕಾಲು ಎತ್ತಿದ್ರೆ ಸವಾರನಿಗೆ ಯುದ್ಧದಲ್ಲಿ ಗಾಯ, ಎರಡು ಎತ್ತಿದ್ರೆ ಸಾವು ಅಂತ ವಾಟ್ಸಾಪಿನಲ್ಲಿ ಬರ್ತದೆ, ಮಕ್ಕಳು ನನ್ನತ್ರ ಅದನ್ನೇ ಕೇಳ್ತಾರೆ, ಅದಕ್ಕೆ ಎಂತ ಆಧಾರವೂ ಇಲ್ಲ, ನಂಬ್ಬೇಡಿ.

ಈ ಪ್ರತಿಮೆ ಬಹಳ ವರ್ಷ ಅಠಾರ ಕಚೇರಿ ಎದುರು ಇತ್ತು. ಕೆಂಪು ಬಣ್ಣದ ಆ ಕಟ್ಟಡ 1868ರಲ್ಲಿ ಆದದ್ದು, ಹದಿನೆಂಟು ಇಲಾಖೆಗಳು ಇದ್ದದಕ್ಕೆ ಅಠಾರ, ಈಗ ಹೈಕೋರ್ಟು. 1980ರ ಆಚೀಚೆ ಅದನ್ನೇ ಕೆಡವ್ಲಿಕ್ಕೆ ಹೊರಟಿದ್ರು, ಜನ ಕೋರ್ಟಿಗೆ ಹೋಗಿ ಜಗಳ ಮಾಡಿ ಉಳಿಸಿದ್ರು. ಎದುರಿಗೆ 1956ರಲ್ಲಿ ವಿಧಾನಸೌಧ ಆಯ್ತು. ಹಾಗಾಗಿ ಕಬ್ಬನ್ ಕುದುರೆ ಮೇಲೆ ಕೂತು ಎಷ್ಟೋ ವರ್ಷ ವಿಧಾನಸೌಧದ ಎದುರೇ ಇದ್ರು. 2020ರಲ್ಲಿ ಅದನ್ನ ಹೈಕೋರ್ಟಿನ ಆವರಣದಿಂದ ತೆಗೆದು ಪಾರ್ಕಿನ ಒಳಗೆ ಇಟ್ರು. ನನಗೆ ಅದು ಸರಿ ಅಂತಲೇ ಕಾಣ್ತದೆ. ಒಡೀಲಿಲ್ಲ, ಗೋಡೌನಿಗೆ ಹಾಕ್ಲಿಲ್ಲ, ಅವರ ಹೆಸರಿರುವ ಪಾರ್ಕಿಗೇ ಕಳಿಸಿದ್ರು. ದೆಹಲಿಯಲ್ಲಿ ಇಂಡಿಯಾ ಗೇಟ್ ಹತ್ರ ಇದ್ದ ಐದನೇ ಜಾರ್ಜ್ ಪ್ರತಿಮೆಯನ್ನ 1968ರಲ್ಲಿ ತೆಗೆದು ಊರ ಹೊರಗಿನ ಕೊರೊನೇಷನ್ ಪಾರ್ಕಿಗೆ ಸಾಗಿಸಿದ್ರು, ಅದು ಒಂದು ರೀತಿ, ಇದು ಇನ್ನೊಂದು ರೀತಿ.

ಎರಡನೆಯದ್ದು ವಿಕ್ಟೋರಿಯಾ ರಾಣಿ. ಪಾರ್ಕಿನ ಆಚೆ ತುದಿಯಲ್ಲಿ, ಎಂಜಿ ರೋಡಿನ ಕಡೆ. ಬಿಳಿ ಮಾರ್ಬಲ್, 11 ಅಡಿ ಎತ್ತರ, ಕೆಳಗೆ ಗ್ರಾನೈಟಿನ ಪೀಠ. ಥಾಮಸ್ ಬ್ರಾಕ್ ಮಾಡಿದ್ದು, ಲಂಡನ್ನಿನ ಅರಮನೆ ಎದುರಿನ ರಾಣಿಯ ಸ್ಮಾರಕವೂ ಅವರದ್ದೇ. 1906ರಲ್ಲಿ ಅನಾವರಣ ಮಾಡಿದ್ದು ಪ್ರಿನ್ಸ್ ಆಫ್ ವೇಲ್ಸ್, ಆಮೇಲೆ ಅವರೇ ಐದನೇ ಜಾರ್ಜ್ ಆದ್ರು. ಇಲ್ಲಿ ಮುಖ್ಯ ವಿಷಯ ಜಾಗ. ಪಾರ್ಕಿನ ಒಂದು ಕಡೆ ಪೇಟೆ, ಅದು ಮೈಸೂರು ಅರಸರದ್ದು, ಇನ್ನೊಂದು ಕಡೆ ದಂಡು, ಅಂದ್ರೆ ಕಂಟೋನ್ಮೆಂಟ್, ಅದು ಬ್ರಿಟಿಷರದ್ದು. 1881ರಲ್ಲಿ ರಾಜ್ಯ ವಾಪಸ್ ಕೊಟ್ಟರೂ ದಂಡನ್ನ ಬ್ರಿಟಿಷರು ಕೈಯಲ್ಲೇ ಇಟ್ಕೊಂಡ್ರು, 1947ರಲ್ಲೇ ಬಿಟ್ಟದ್ದು. ಆ ಗಡಿಯಲ್ಲಿ ರಾಣಿ ನಿಂತದ್ದು. ಗಡಿಯಲ್ಲಿ ಹುಟ್ಟಿ ಬೆಳೆದ ನಮಗೆ ಇದನ್ನ ಬಿಡಿಸಿ ಹೇಳ್ಬೇಕಾದ ಅಗತ್ಯ ಇಲ್ಲ, ಗಡಿಕಲ್ಲು ಎಲ್ಲಿ ನೆಡ್ತಾರೆ ಅನ್ನುವುದರಲ್ಲೇ ಎಲ್ಲ ಉಂಟು. ರಾಣಿಯ ಮಗ ಏಳನೇ ಎಡ್ವರ್ಡ್ ಪ್ರತಿಮೆಯೂ ಪಾರ್ಕಿನಲ್ಲಿ ಉಂಟು, 1919ರದ್ದು, ನೋಡಿ ಮುಂದೆ ಹೋದ್ರೆ ಸಾಕು.

ಮೂರನೆಯವರು ಹತ್ತನೇ ಚಾಮರಾಜೇಂದ್ರ ಒಡೆಯರು. ಮುಮ್ಮಡಿಯವರು 1865ರಲ್ಲಿ ಈ ಮಗುವನ್ನ ದತ್ತು ತಗೊಂಡ್ರು, ಆಗ ಮಗುವಿಗೆ ಎರಡು ವರ್ಷ. ಬ್ರಿಟಿಷರು ದತ್ತು ಒಪ್ಪದಿದ್ರೆ ರಾಜ್ಯ ಅಲ್ಲಿಗೇ ಮುಗೀತಿತ್ತು, ಆ ಮುದಿ ಅರಸರು ಪತ್ರದ ಮೇಲೆ ಪತ್ರ ಬರೆದು ಹೋರಾಡಿ ಒಪ್ಪಿಸಿದ್ರು, 1868ರಲ್ಲಿ ತೀರಿಕೊಂಡ್ರು, ರಾಜ್ಯ ವಾಪಸ್ ಬಂದದ್ದನ್ನ ನೋಡ್ಲಿಕ್ಕೆ ಅವರಿರ್ಲಿಲ್ಲ. 1881 ಮಾರ್ಚ್ 25ಕ್ಕೆ ಹದಿನೆಂಟು ವರ್ಷದ ಹುಡುಗನ ಕೈಗೆ ರಾಜ್ಯ ಬಂತು. 1894ರಲ್ಲಿ ಕಲ್ಕತ್ತಾದಲ್ಲಿ ತೀರಿಕೊಂಡ್ರು, 31 ವರ್ಷ ಪ್ರಾಯ. ಕಬ್ಬನ್ ಪಾರ್ಕಿನಲ್ಲಿ ನಿಂತ ಪ್ರತಿಮೆ, ಲಾಲ್‌ಬಾಗಿನಲ್ಲಿ ಕುದುರೆ ಮೇಲೆ ಕೂತದ್ದು, ಎರಡೂ ಅವರದ್ದೇ.

ಇದನ್ನ ಹೇಳುವಾಗ ನನಗೆ ನಮ್ಮ ಊರು ನೆನಪಾಗ್ತದೆ. 1799ರಲ್ಲಿ ಟಿಪ್ಪು ಬಿದ್ದಾಗ ಮೈಸೂರಿಗೆ ಅರಸರು ಸಿಕ್ಕಿದ್ರು, ನಾವು ಕಂಪೆನಿಯ ಕೈಗೆ ಹೋದೆವು, ಆಮೇಲೆ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆ, 1956 ನವೆಂಬರ್ 1ಕ್ಕೆ ಕೇರಳ. 1967ರಲ್ಲಿ ಮಹಾಜನ್ ವರದಿ ಚಂದ್ರಗಿರಿ ಹೊಳೆಯ ಉತ್ತರ ಭಾಗ ಮೈಸೂರಿಗೆ ಸೇರ್ಬೇಕು ಅಂತ ಹೇಳಿದ್ದು ಇಲ್ಲಿ ಕೂತ ಹಿರಿಯರಿಗೆ ಬಾಯಿಪಾಠ. ಹಾಗಾಗಿ ಕೈತಪ್ಪಿದ್ದು ಐವತ್ತು ವರ್ಷದ ನಂತರ ವಾಪಸ್ ಬಂದ ಕಥೆಯನ್ನ ಕಲ್ಲಿನಲ್ಲಿ ಕಂಚಿನಲ್ಲಿ ನೋಡುವಾಗ ನಾನು ಸ್ವಲ್ಪ ಹೊತ್ತು ಜಾಸ್ತಿ ನಿಲ್ತೇನೆ.

ಇನ್ನು ನನಗೆ ಎಲ್ಲಕ್ಕಿಂತ ಹತ್ರದವರು ನಾಲ್ಕನೆಯವರು, ದಿವಾನ್ ಶೇಷಾದ್ರಿ ಅಯ್ಯರ್. ಅವರು ಯಾವ ಊರಿನವರು ಗೊತ್ತುಂಟಾ? ಪಾಲಕ್ಕಾಡಿನ ಹತ್ರದ ಕುಮಾರಪುರ. 1845ರಲ್ಲಿ ಹುಟ್ಟಿದ್ದು, ಕಲ್ಲಿಕೋಟೆಯಲ್ಲಿ ಶಾಲೆಗೆ ಹೋದದ್ದು. ನಮ್ಮ ಕೆಳಗಿನ ಮಲಬಾರ್ ಜಿಲ್ಲೆಯ ಹುಡುಗ 1868ರಲ್ಲಿ ಮೈಸೂರು ಸೇವೆಗೆ ಹೋಗಿ, ರಾಜ್ಯ ವಾಪಸ್ ಬಂದ ಮೇಲಿನ ಮೊದಲ ದಿವಾನ್ ರಂಗಾಚಾರ್ಲು ಅವರು ತೀರಿಕೊಂಡ ಮೇಲೆ 1883ರಲ್ಲಿ ದಿವಾನ ಆಗಿ, ಹದಿನೆಂಟು ವರ್ಷ ನಡೆಸಿದ್ರು. ಬೆಂಗಳೂರಿಗೆ ಹೆಸರಘಟ್ಟದ ನೀರು ಅವರ ಕಾಲದ್ದು, ಪ್ಲೇಗ್ ಬಂದಾಗ ಮಲ್ಲೇಶ್ವರ ಬಸವನಗುಡಿ ಹೊಸ ಬಡಾವಣೆ ಅವರ ಕಾಲದ್ದು, ಶಿವನಸಮುದ್ರದ ಕರೆಂಟ್ ಅವರು ಶುರು ಮಾಡಿಸಿದ ಕೆಲಸ. ಆ ಕರೆಂಟ್ 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಮುಟ್ಟಿದ್ದು 1902ರಲ್ಲಿ, ಬೆಂಗಳೂರಿನ ಬೀದಿ ದೀಪ ಹೊತ್ತಿದ್ದು 1905ರಲ್ಲಿ, ಅವರು ತೀರಿಕೊಂಡದ್ದು 1901ರಲ್ಲಿ. 1913ರಲ್ಲಿ ಶೇಷಾದ್ರಿ ಅಯ್ಯರರ ಪ್ರತಿಮೆಯನ್ನ ವೈಸರಾಯ್ ಹಾರ್ಡಿಂಜ್ ಅನಾವರಣ ಮಾಡಿದ್ರು, ಪ್ರತಿಮೆಯ ಹಿಂದೆ ಅಯ್ಯರರ ಹೆಸರಿನ ಕೆಂಪು ಹಾಲ್, ಈಗ ಅದು ಸ್ಟೇಟ್ ಸೆಂಟ್ರಲ್ ಲೈಬ್ರರಿ. ಪ್ರತಿಮೆಯ ಹಿಂದೆ ಒಂದು ಲೈಬ್ರರಿ ಇರುವುದು ನನಗೆ ಬಹಳ ಇಷ್ಟ. ಹಾರ ಒಂದು ದಿನಕ್ಕೆ ಬಾಡ್ತದೆ, ಲೈಬ್ರರಿಗೆ ದಿನಾ ಜನ ಬರ್ತಾರೆ.

ಒಂದು ಮಾತು ಸೇರಿಸ್ತೇನೆ. ಪಾಲಕ್ಕಾಡಿನವರು ಒಬ್ರು ಬೆಂಗಳೂರಿನ ಉದ್ಯಾನದಲ್ಲಿ ಪ್ರತಿಮೆಯಾಗಿ ನಿಂತ್ರು. ನಮ್ಮ ಜಿಲ್ಲೆಯ ಚೆರುವತ್ತೂರು ಕುಟ್ಟಮತ್ತ್‌ನ ಶಿಲ್ಪಿ ಕಾನಾಯಿ ಕುಂಞಿರಾಮನ್ ಅವರು ಪಾಲಕ್ಕಾಡಿಗೆ ಹೋಗಿ ಮಲಂಪುಳ ಡ್ಯಾಮಿನ ಉದ್ಯಾನದಲ್ಲಿ 1969ರಲ್ಲಿ ಯಕ್ಷಿಯ ಪ್ರತಿಮೆ ಮಾಡಿದ್ರು. ಅದಕ್ಕೆ ಆಗ ಎಷ್ಟು ವಿರೋಧ ಬಂತು, ಬಟ್ಟೆ ಇಲ್ಲದ ಹೆಂಗಸಿನ ರೂಪ ಅಂತ. ಕಬ್ಬನ್ ಪಾರ್ಕಿನಲ್ಲಿರುವುದೆಲ್ಲ ಅಧಿಕಾರದಲ್ಲಿ ಇದ್ದವರು, ಮಲಂಪುಳದಲ್ಲಿ ಕಾಲು ಚಾಚಿ ಕೂತದ್ದು ಯಾವ ಅಧಿಕಾರವೂ ಇಲ್ಲದ ನಮ್ಮ ಕಥೆಯ ಯಕ್ಷಿ. ಸಾಧ್ಯ ಆದವರು ಎರಡನ್ನೂ ನೋಡಿ.

ಪ್ರತಿಮೆ ಎಂತದ್ರಿಂದ ಮಾಡಿದ್ದು ಅಂತ ಕೂಡ ನೋಡ್ಲಿಕ್ಕೆ ಕಲೀರಿ. ಕುಂಬಳೆ ಹತ್ರದ ಅನಂತಪುರದಲ್ಲಿ ದೇವರ ಮೂಲ ವಿಗ್ರಹ ಕಲ್ಲೂ ಅಲ್ಲ ಲೋಹವೂ ಅಲ್ಲ, ಕಡುಶರ್ಕರ ಪಾಕ, ಅಂದ್ರೆ ಮಣ್ಣು, ಅಂಟು, ಗಿಡಮೂಲಿಕೆ ಎಲ್ಲ ಸೇರಿಸಿ ಮಾಡಿದ ಗಾರೆ, ಅದಕ್ಕೆ ನೀರಿನ ಅಭಿಷೇಕ ಮಾಡ್ಲಿಕ್ಕಿಲ್ಲ ಅಂತ ನಮ್ಮ ಅಜ್ಜಿಗೂ ಗೊತ್ತಿತ್ತು. ಹಾಗೇ ಮಾರ್ಬಲ್‌ಗೆ ಆ್ಯಸಿಡ್ ಆಗುದಿಲ್ಲ, ವಾಹನದ ಹೊಗೆ, ಹಕ್ಕಿಯ ಹಿಕ್ಕೆ ನಿಧಾನಕ್ಕೆ ಅದನ್ನ ತಿಂತದೆ, ರಾಣಿ ನಿಂತದ್ದೇ ಟ್ರಾಫಿಕ್ಕಿನ ಮಧ್ಯೆ. ಕಂಚು ಗಟ್ಟಿ, ಆದ್ರೆ ಒಳಗೆ ಪೊಳ್ಳು, ಕುಂಞಿಮಂಗಲದ ಮೂಶಾರಿಗಳು, ಅಂದ್ರೆ ಕಂಚಿನ ಎರಕದ ಕೆಲಸದವರು, ಮೇಣದ ರೂಪ ಮಾಡಿ ಮಣ್ಣು ಮೆತ್ತಿ ಕರಗಿಸಿ ಎರಕ ಹೊಯ್ಯುವುದನ್ನ ನೋಡಿದವರಿಗೆ ಅದು ಅರ್ಥ ಆಗ್ತದೆ. ಮೇಲೆ ಬರುವ ಹಸಿರು ಕಿಲುಬನ್ನ ಕೊಳೆ ಅಂತ ಗಸಗಸ ಉಜ್ಜಿ ತೆಗೀಬಾರ್ದು, ಒಳಗಿನ ಲೋಹಕ್ಕೆ ಅದೇ ಹೊದಿಕೆ ಆಗಿರ್ತದೆ. ತೊಳೀಲಿಕ್ಕೂ ಕಲಿತ ಕೈಯೇ ಬೇಕು.

ಹೋಗುವವರು ಬೆಳಿಗ್ಗೆ ಹೋಗಿ. ರಾಣಿಯಿಂದ ಶುರು ಮಾಡಿ ಪಾರ್ಕಿನ ಒಳಗೆ ನಡ್ಕೊಂಡು ಕಬ್ಬನ್, ಅರಸರು, ಕೊನೆಗೆ ದಿವಾನರು ಮತ್ತೆ ಲೈಬ್ರರಿ. ಮುಖದ ಫೋಟೋ ತೆಗೆಯುವಾಗ ಪೀಠದ್ದೂ ಒಂದು ತೆಗೀರಿ, ಬರಹ ಕಾಣುವ ಹಾಗೆ, ಮನೆಗೆ ಬಂದು ಓದ್ಬಹುದು. ನಾನು ತೆಗೆದದ್ದು ಸುಮಾರು ಉಂಟು, ಈಗ ಒಂದೊಂದಾಗಿ ತೋರಿಸ್ತೇನೆ, ಕಿಟಕಿ ಹತ್ರ ಇರುವವರು ಪರದೆ ಎಳೀರಿ.